ಫಲಿತಾಂಶದ ಒತ್ತಡ, ಸಿಬ್ಬಂದಿಯ ಮನಸ್ಸು: ಶಾಲಾ ಆಡಳಿತದ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಶಾಲೆಗಳನ್ನು ನಡೆಸುವವರಿಂದಲೂ ಅವರ ಕೈಕೆಳಗೆ ದುಡಿಯುವವರಿಂದಲೂ ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆಯ್ದುಕೊಳ್ಳಲಾಗಿದೆ. ಬರೆದವರ ಕೋರಿಕೆಯಂತೆ ಅವರ ಹೆಸರು, ಶಾಲೆ ಮತ್ತು ತಾಲ್ಲೂಕಿನ ವಿವರಗಳನ್ನು ಬಿಡಲಾಗಿದೆ.

ಪ್ರಶ್ನೆ: ದೀರ್ಘಕಾಲ ಸಹಶಿಕ್ಷಕಿಯಾಗಿದ್ದು, ಬಡ್ತಿಯ ಮೇಲೆ ಸರ್ಕಾರಿ ಪ್ರೌಢಶಾಲೆಯೊಂದಕ್ಕೆ ಮುಖ್ಯ ಶಿಕ್ಷಕಿಯಾಗಿ ಬಂದಿದ್ದೇನೆ. ನನಗಿಂತ ಮೊದಲಿದ್ದವರು ಯಾರನ್ನೂ ಗದರಿದವರಲ್ಲ. ಸಿಬ್ಬಂದಿ ಈಗಲೂ ಅವರನ್ನು ನೆನೆಯುತ್ತದೆ. ಆದರೆ 2024ರ ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಯ ಫಲಿತಾಂಶ ಕುಸಿದು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಿಂದ ಕ್ರಿಯಾ ಯೋಜನೆ ಕೇಳಿ ಪತ್ರ ಬಂತು. ನಾನು ಬಂದವಳೇ ಬೆಳಗ್ಗೆ, ಸಂಜೆ ವಿಶೇಷ ತರಗತಿಗಳನ್ನು ಹಾಕಿದೆ, ಹಿಂದುಳಿದ ಮಕ್ಕಳನ್ನು ಶಿಕ್ಷಕರಿಗೆ ದತ್ತು ಹಂಚಿದೆ, ತಡವಾಗಿ ಬಂದವರಿಗೆ ಮೆಮೊ ಕೊಟ್ಟೆ. ಫಲಿತಾಂಶ ಸ್ವಲ್ಪ ಏರಿದೆ. ಆದರೆ ನಾನು ಸ್ಟಾಫ್ ರೂಮಿಗೆ ಕಾಲಿಟ್ಟರೆ ಮಾತು ನಿಲ್ಲುತ್ತದೆ, ಇಬ್ಬರು ಅನುಭವಿ ಶಿಕ್ಷಕರು ವರ್ಗಾವಣೆಗೆ ಅರ್ಜಿ ಹಾಕಿದ್ದಾರೆ. ನಾನು ಜನರನ್ನು ಉಳಿಸಿಕೊಳ್ಳಬೇಕೇ, ಫಲಿತಾಂಶವನ್ನೇ?
– ಮುಖ್ಯ ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಮೊದಲು ಆ ಕುಸಿತವನ್ನೇ ಸ್ವಲ್ಪ ಬಿಡಿಸಿ ನೋಡೋಣ. 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89 ಇದ್ದದ್ದು 2024ರಲ್ಲಿ ಶೇ 73.40ಕ್ಕೆ ಇಳಿಯಿತು, ಅದೂ ಆ ವರ್ಷ ಕೃಪಾಂಕದ ನಿಯಮವನ್ನು ಸಡಿಲಿಸಿದ ಮೇಲೆ. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದ ಮೊದಲ ವರ್ಷ ಅದು ಎಂಬುದನ್ನು ನೆನಪಿಟ್ಟುಕೊಂಡರೆ, ನಿಮ್ಮ ಶಾಲೆಯ ಇಳಿಕೆಯಲ್ಲಿ ಎಷ್ಟು ಪಾಲು ಹಿಂದಿನ ಮುಖ್ಯ ಶಿಕ್ಷಕರ ಸಡಿಲತನದ್ದು, ಎಷ್ಟು ಪಾಲು ರಾಜ್ಯದುದ್ದಕ್ಕೂ ಪರೀಕ್ಷೆ ಬಿಗಿಯಾದುದರದ್ದು ಎಂಬುದನ್ನು ಬೇರ್ಪಡಿಸದೆ ನೀವು ಕ್ರಮಕ್ಕೆ ಇಳಿದಿದ್ದೀರಿ ಎಂದು ತೋರುತ್ತದೆ. ತಾಲ್ಲೂಕಿನ ಸರಾಸರಿ ಎಷ್ಟು ಇಳಿಯಿತು, ನಿಮ್ಮದು ಅದಕ್ಕಿಂತ ಎಷ್ಟು ಹೆಚ್ಚು ಇಳಿಯಿತು ಎಂಬ ಲೆಕ್ಕವನ್ನು ಸಿಬ್ಬಂದಿಯ ಮುಂದಿಟ್ಟು ಮಾತು ಆರಂಭಿಸಿದ್ದರೆ, ತಮ್ಮನ್ನು ಕಳ್ಳರಂತೆ ನೋಡುತ್ತಿದ್ದಾರೆ ಎಂಬ ಭಾವನೆ ಅವರಲ್ಲಿ ಇಷ್ಟು ಬೇಗ ಬೇರೂರುತ್ತಿರಲಿಲ್ಲ. ಈಗಲೂ ಆ ಲೆಕ್ಕ ಹಾಕಬಹುದು, ತಡವಾಗಿಲ್ಲ.

ಇನ್ನು ನಾಯಕತ್ವದ ಬಗೆಯ ಮಾತು. ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಮತ್ತು ಅವರ ಸಂಗಡಿಗರಾದ ಲಿಪ್ಪಿಟ್, ವೈಟ್ ಎಂಬುವರು ಅಮೆರಿಕದ ಅಯೋವಾದಲ್ಲಿ ಹತ್ತು ವರ್ಷದ ಆಸುಪಾಸಿನ ಹುಡುಗರ ಹವ್ಯಾಸಿ ಗುಂಪುಗಳನ್ನು ಕಟ್ಟಿ ನಡೆಸಿದ ಪ್ರಯೋಗವೊಂದು 1939ರಲ್ಲಿ ಪ್ರಕಟವಾಯಿತು. ಒಂದು ಬಗೆಯ ನಾಯಕ ಎಲ್ಲವನ್ನೂ ತಾನೇ ಆಜ್ಞಾಪಿಸುತ್ತಿದ್ದ, ಇನ್ನೊಂದು ಬಗೆಯವನು ಗುಂಪಿನೊಡನೆ ಚರ್ಚಿಸಿ ನಿರ್ಧರಿಸುತ್ತಿದ್ದ, ಮೂರನೆಯ ಬಗೆಯವನು ಎಲ್ಲವನ್ನೂ ಹುಡುಗರಿಗೇ ಬಿಟ್ಟುಬಿಡುತ್ತಿದ್ದ. ಬಿಟ್ಟುಬಿಟ್ಟಲ್ಲಿ ಕೆಲಸ ಕಡಿಮೆಯೂ ಕಳಪೆಯೂ ಆಯಿತು. ಆಜ್ಞೆಯ ಗುಂಪಿನಲ್ಲಿ ಕೆಲಸವೇನೋ ಚೆನ್ನಾಗಿ ಸಾಗಿತು, ಆದರೆ ನಾಯಕ ಕೋಣೆಯಿಂದ ಹೊರಗೆ ಹೋದ ಕೂಡಲೇ ಬಿದ್ದುಹೋಯಿತು. ತಮ್ಮಲ್ಲೇ ಒಬ್ಬನನ್ನು ಗುರಿಮಾಡಿ ಕಾಡುವ ಚಾಳಿಯೂ ಅಲ್ಲಿ ಕಂಡುಬಂತು. ಚರ್ಚಿಸಿ ನಿರ್ಧರಿಸಿದ ಗುಂಪಿನಲ್ಲಿ ಮಾತ್ರ ನಾಯಕ ಇದ್ದರೂ ಇಲ್ಲದಿದ್ದರೂ ಕೆಲಸ ಹೆಚ್ಚುಕಡಿಮೆ ಅದೇ ಹದದಲ್ಲಿ ನಡೆಯಿತು. ಮಕ್ಕಳ ಗುಂಪಿನ ಮೇಲೆ ನಡೆದ ಹಳೆಯ ಪ್ರಯೋಗದಿಂದ ದೊಡ್ಡವರ ಬಗ್ಗೆ ತೀರ್ಪು ಕೊಡಬಾರದು, ನಿಜ. ಆದರೆ ನಮ್ಮ ಮುಖ್ಯ ಶಿಕ್ಷಕರಿಗೆ ಅದು ಒಂದು ನೇರವಾದ ಪರೀಕ್ಷೆಯನ್ನು ಒದಗಿಸುತ್ತದೆ. ನಿಮ್ಮನ್ನು ತಾಲ್ಲೂಕು ಸಭೆಗೆ, ತರಬೇತಿಗೆ, ಖಜಾನೆ ಕೆಲಸಕ್ಕೆ ಮೇಲಿಂದ ಮೇಲೆ ಕರೆಯುತ್ತಾರೆ. ಆ ದಿನಗಳಲ್ಲಿ ಮೂರನೆಯ ಪೀರಿಯಡ್‌ನಲ್ಲಿ ಎಂಟನೇ ತರಗತಿಯಲ್ಲಿ ಏನು ನಡೆಯುತ್ತಿರುತ್ತದೆ? ನಿಮ್ಮ ಆಡಳಿತದ ಅಳತೆ ಅಲ್ಲಿ ಸಿಗುತ್ತದೆ. ಹಿಂದಿನವರ ಕಾಲದಲ್ಲಿ ಅವರು ಇದ್ದಾಗಲೂ ಕೆಲಸ ನಡೆಯುತ್ತಿರಲಿಲ್ಲ ಎನ್ನುವುದಾದರೆ, ನಿಮ್ಮ ಕಾಲದಲ್ಲಿ ನೀವು ಇದ್ದಾಗ ಮಾತ್ರ ನಡೆಯುತ್ತಿದೆ ಎನಿಸುತ್ತದೆ.

ಜನರೋ ಫಲಿತಾಂಶವೋ ಎಂದು ಕೇಳಿದ್ದೀರಿ. ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು ಎಂಬ ನಂಬಿಕೆ ಈ ಪ್ರಶ್ನೆಯೊಳಗೆ ಅಡಗಿದೆ. ರಾಬರ್ಟ್ ಬ್ಲೇಕ್ ಮತ್ತು ಜೇನ್ ಮೌಟನ್ 1964ರಲ್ಲಿ ಕಂಪನಿಗಳ ವ್ಯವಸ್ಥಾಪಕರಿಗಾಗಿ ಒಂದು ನಕ್ಷೆ ಹಾಕಿಕೊಟ್ಟರು. ಅದರಲ್ಲಿ ಕೆಲಸದ ಕಾಳಜಿಗೆ ಒಂದು ಗೆರೆ, ಜನರ ಕಾಳಜಿಗೆ ಇನ್ನೊಂದು ಗೆರೆ. ಎರಡಕ್ಕೂ 1ರಿಂದ 9ರವರೆಗೆ ಅಂಕ. ಗೆರೆಗಳು ಬೇರೆ ಬೇರೆ ದಿಕ್ಕಿನವಾದ್ದರಿಂದ ಒಬ್ಬರು ಎರಡರಲ್ಲೂ 9 ಪಡೆಯಬಹುದು, ಎರಡರಲ್ಲೂ 1 ಪಡೆಯಬಹುದು. ನಿಮ್ಮ ಹಿಂದಿನವರು ಜನರ ಗೆರೆಯಲ್ಲಿ ಮೇಲಿದ್ದರು, ನೀವು ಕೆಲಸದ ಗೆರೆಯಲ್ಲಿ ಮೇಲಿದ್ದೀರಿ. ಇಬ್ಬರ ನಡುವಿನ ದಾರಿ ಎಂದು ಎರಡೂ ಗೆರೆಗಳಲ್ಲಿ 5ರಲ್ಲೇ ನಿಲ್ಲುವವರೇ ನಮ್ಮಲ್ಲಿ ಹೆಚ್ಚು. ಅರ್ಧ ವಿಶೇಷ ತರಗತಿ, ಅರ್ಧ ರಿಯಾಯಿತಿ, ಯಾರಿಗೂ ಪೂರ್ತಿ ಬೇಸರವಿಲ್ಲ, ಯಾವ ಮಗುವಿಗೂ ಪೂರ್ತಿ ಲಾಭವಿಲ್ಲ. ನೀವು ಸೋತು ಅಲ್ಲಿಗೆ ಜಾರಬಾರದು ಎಂಬುದು ನನ್ನ ಮುಖ್ಯ ಆತಂಕ.

ಹಾಗಾದರೆ ಮಾಡುವುದೇನು? ವಿಶೇಷ ತರಗತಿಯಿಂದಲೇ ಆರಂಭಿಸಿ. ಎಲ್ಲ ಮಕ್ಕಳನ್ನೂ ಎಲ್ಲ ವಿಷಯಕ್ಕೂ ಬೆಳಗ್ಗೆ, ಸಂಜೆ ಕೂರಿಸುವುದು ಶಿಕ್ಷಕರನ್ನೂ ಮಕ್ಕಳನ್ನೂ ಒಟ್ಟಿಗೆ ದಣಿಸುವ ಕೆಲಸ. ದೂರದ ಊರಿನಿಂದ ಬಸ್ಸಿಗೆ ಬರುವ ಹುಡುಗಿಯರಿಗಂತೂ ಸಂಜೆಯ ತರಗತಿ ಎಂದರೆ ಬಸ್ಸು ತಪ್ಪುವ ಭಯ. ಅದರ ಬದಲು ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಪ್ರಶ್ನೆವಾರು ತೆರೆದು, ಯಾವ ಮಗು ಯಾವ ಪ್ರಶ್ನೆಯಲ್ಲಿ ಎಡವಿದೆ ಎಂಬ ಪಟ್ಟಿಯನ್ನು ಆಯಾ ವಿಷಯದ ಶಿಕ್ಷಕರೇ ಮಾಡಲಿ, ಎಷ್ಟು ತರಗತಿ ಬೇಕು, ಯಾವಾಗ ಬೇಕು ಎಂಬುದನ್ನೂ ಅವರೇ ಹೇಳಲಿ. ನಿಮ್ಮ ಬಿಗಿ ಇರಬೇಕಾದದ್ದು ಒಂದೇ ಕಡೆ: ಒಪ್ಪಿದ ತರಗತಿ ನಡೆಯಲೇಬೇಕು, ನಡೆದ ಮೇಲೆ ಆ ಮಗುವಿಗೆ ಆ ಲೆಕ್ಕ ಬಂದಿದೆಯೇ ಎಂದು ನೋಡಲೇಬೇಕು. ದತ್ತು ಹಂಚಿಕೆಯೂ ಹಾಗೆಯೇ. ಗಣಿತದಲ್ಲಿ ಹಿಂದುಳಿದ ಮಗುವನ್ನು ದೈಹಿಕ ಶಿಕ್ಷಣ ಶಿಕ್ಷಕರಿಗೆ ದತ್ತು ಕೊಟ್ಟರೆ ಕಡತ ತುಂಬುತ್ತದೆ, ಲೆಕ್ಕ ಬರುವುದಿಲ್ಲ. ಆದರೆ ಶಾಲೆಗೇ ಬಾರದ ಹುಡುಗನನ್ನು ಅವರಿಗೆ ಒಪ್ಪಿಸಿದರೆ ಅವರು ಮೈದಾನದ ಆಸೆ ಹಚ್ಚಿ ಕರೆತರುತ್ತಾರೆ.

ಮೆಮೊ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟುವಾದದ್ದು. ಮೊದಲ ಬಾರಿ ತಡವಾದವರಿಗೂ ಅಭ್ಯಾಸವಾಗಿ ತಡಮಾಡುವವರಿಗೂ ಒಂದೇ ಕಾಗದ ಹೋದರೆ, ಆ ಕಾಗದಕ್ಕೆ ಎರಡನೆಯವರು ಹೆದರುವುದಿಲ್ಲ, ಮೊದಲನೆಯವರು ಮಾತ್ರ ನೊಂದುಕೊಳ್ಳುತ್ತಾರೆ. ಮೊದಲು ಒಳಗೆ ಕರೆದು ಕೇಳಿ. ಮನೆಯಲ್ಲಿ ಕಾಯಿಲೆಯವರಿದ್ದರೆ ಮೊದಲ ಪೀರಿಯಡ್ ಬದಲಿಸಿಕೊಡುವ ಅಧಿಕಾರ ವೇಳಾಪಟ್ಟಿ ಹಾಕುವ ನಿಮಗಿದೆ. ಕಾರಣವಿಲ್ಲದೆ ಮತ್ತೆ ಮತ್ತೆ ತಡವಾಗುತ್ತಿದ್ದರೆ ಆಗ ಕೊಡುವ ಮೆಮೊವನ್ನು ಉಳಿದ ಸಿಬ್ಬಂದಿ ಅನ್ಯಾಯವೆಂದು ಭಾವಿಸುವುದಿಲ್ಲ. ಬಹಳ ಸಲ ಒಳಗೊಳಗೇ ಸಮಾಧಾನಪಡುತ್ತಾರೆ, ಏಕೆಂದರೆ ಆ ತರಗತಿಯನ್ನು ಇಷ್ಟು ದಿನ ಸಂಭಾಳಿಸಿದವರು ಅವರೇ.

ಇನ್ನೊಂದು ಮಾತು, ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚಿನದು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ವಿವಿಯನ್ ರಾಬಿನ್ಸನ್ ಮತ್ತು ಸಂಗಡಿಗರು ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಮುಖ್ಯಸ್ಥರು ಮಾಡುವ ಹಲವು ಕೆಲಸಗಳಲ್ಲಿ ಮಕ್ಕಳ ಕಲಿಕೆಯ ಮೇಲೆ ಅತಿ ಹೆಚ್ಚು ಪರಿಣಾಮ ಬೀರಿದ್ದು ಶಿಕ್ಷಕರ ಕಲಿಕೆಯನ್ನು ಉತ್ತೇಜಿಸಿ ಅದರಲ್ಲಿ ತಾವೂ ಭಾಗವಹಿಸುವುದು ಎಂದು ಕಂಡುಬಂತು. ಉತ್ಸಾಹದ ಭಾಷಣ, ದೂರದೃಷ್ಟಿಯ ಘೋಷಣೆಗಳಿಂದ ಗುರುತಿಸಲ್ಪಡುವ ನಾಯಕತ್ವಕ್ಕಿಂತ ಬೋಧನೆಯ ಹತ್ತಿರ ನಿಲ್ಲುವ ನಾಯಕತ್ವದ ಪರಿಣಾಮ ಮೂರು ನಾಲ್ಕು ಪಟ್ಟು ಇತ್ತು. ನೀವು ಈಚಿನವರೆಗೂ ಪಾಠ ಮಾಡುತ್ತಿದ್ದವರು. ವಾರಕ್ಕೆ ಕೆಲವು ಪೀರಿಯಡ್ ನೀವೇ ಪಾಠ ಇಟ್ಟುಕೊಳ್ಳಿ. ಕಷ್ಟದ ಸೆಕ್ಷನ್ನನ್ನೇ ಆರಿಸಿಕೊಳ್ಳಿ. ತರಗತಿ ವೀಕ್ಷಣೆಗೆ ಹೋಗುವ ದಿನವನ್ನು ಮೊದಲೇ ತಿಳಿಸಿ, ಪೂರ್ತಿ ಪೀರಿಯಡ್ ಹಿಂದಿನ ಬೆಂಚಿನಲ್ಲಿ ಕುಳಿತು, ನಂತರ ಅವರೊಬ್ಬರೇ ಇದ್ದಾಗ ಒಂದೇ ಒಂದು ಅಂಶದ ಬಗ್ಗೆ ಮಾತಾಡಿ. ನಿಮ್ಮ ಪಾಠ ನೋಡಲು ಅವರನ್ನೂ ಕರೆಯಿರಿ. ವರ್ಗಾವಣೆಗೆ ಅರ್ಜಿ ಹಾಕಿದ ಆ ಇಬ್ಬರು ಅನುಭವಿಗಳಿಂದಲೇ ಇದು ಆರಂಭವಾದರೆ ಒಳ್ಳೆಯದು. ಅವರು ಹೋದರೂ ಹೋಗಬಹುದು, ಅದಕ್ಕೆ ಬೇರೆ ಕಾರಣಗಳೂ ಇರಬಹುದು. ಆದರೆ ಹೋಗುವ ಮೊದಲು ಅವರ ತರಗತಿಯ ಜಾಣ್ಮೆ ಹೊಸಬರಿಗೆ ದಾಟಲಿ.

ಕೊನೆಯದಾಗಿ, ಹತ್ತನೇ ತರಗತಿಗೆ ಡಿಸೆಂಬರಿನಲ್ಲಿ ಸುರಿಯುವ ಬೆವರಿನ ಒಂದು ಪಾಲನ್ನು ಜೂನ್ ತಿಂಗಳಿನಲ್ಲಿ ಎಂಟನೇ ತರಗತಿಯ ಸೇತುಬಂಧಕ್ಕೆ, ಅಂದರೆ ಹಿಂದಿನ ತರಗತಿಗಳ ಕಲಿಕೆಯ ಕೊರತೆ ತುಂಬುವ ಪಾಠಗಳಿಗೆ, ಕೊಡಿ. ಭಾಗಾಕಾರ ಬಾರದೆ, ಒಂದು ಪುಟ ತಡವರಿಸದೆ ಓದಲು ಬಾರದೆ ಪ್ರೌಢಶಾಲೆಗೆ ಬಂದ ಮಗುವನ್ನು ಮೂರು ವರ್ಷ ಮುಂದಕ್ಕೆ ತಳ್ಳಿ, ಕೊನೆಯ ಮೂರು ತಿಂಗಳಲ್ಲಿ ಸರಿಪಡಿಸಲು ಹೊರಟಾಗಲೇ ಮುಖ್ಯ ಶಿಕ್ಷಕರಿಗೂ ಸಿಬ್ಬಂದಿಗೂ ಜಗಳವಾಗುವುದು.

ಪ್ರಶ್ನೆ: ನಮ್ಮ ಮುಖ್ಯೋಪಾಧ್ಯಾಯರು ಸಿಬ್ಬಂದಿ ಸಭೆಯಲ್ಲಿ ವಿಷಯವಾರು ಫಲಿತಾಂಶವನ್ನು ಎಲ್ಲರೆದುರು ಓದಿ, ಕಡಿಮೆ ಬಂದವರನ್ನು ಎದ್ದು ನಿಲ್ಲಿಸಿ ಕಾರಣ ಕೇಳುತ್ತಾರೆ. ಗಣಿತ ಮತ್ತು ಇಂಗ್ಲಿಷ್‌ನವರೇ ಪ್ರತಿ ವರ್ಷ ನಿಲ್ಲುವುದು. ಇದು ಸರಿಯೇ?
– ಗಣಿತ ಶಿಕ್ಷಕ, ಅನುದಾನಿತ ಪ್ರೌಢಶಾಲೆ, ತುಮಕೂರು ಜಿಲ್ಲೆ

ಉತ್ತರ: ಸರಿಯಲ್ಲ. ಮನೆಯಲ್ಲಿ ಆಡುವ ಭಾಷೆಯ ಪರೀಕ್ಷೆಯ ಫಲಿತಾಂಶವನ್ನೂ ಗಣಿತದ ಫಲಿತಾಂಶವನ್ನೂ ಅಕ್ಕಪಕ್ಕ ಇಟ್ಟು ಶಿಕ್ಷಕರನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ. ನ್ಯಾಯವಾದ ಹೋಲಿಕೆ ಬೇಕಿದ್ದರೆ ತಾಲ್ಲೂಕಿನ ಗಣಿತದ ಸರಾಸರಿಯೊಡನೆ ನಿಮ್ಮ ಶಾಲೆಯ ಗಣಿತವನ್ನು, ಅಥವಾ ಇದೇ ಮಕ್ಕಳು ಒಂಬತ್ತನೇ ತರಗತಿಯಲ್ಲಿ ಎಲ್ಲಿದ್ದರು ಎಂಬುದರೊಡನೆ ಈಗಿನ ಮಟ್ಟವನ್ನು ನೋಡಬೇಕು.

ಸಭೆಯಲ್ಲಿ ನಿಲ್ಲಿಸುವುದರ ಕೆಡುಕು ಶಿಕ್ಷಕರ ಮನಸ್ಸಿಗೆ ಆಗುವ ನೋವಿನಲ್ಲೇ ಮುಗಿಯುವುದಿಲ್ಲ. ಅಂಕಿಗೆ ಹೆದರಿದ ಶಾಲೆ ಅಂಕಿಯನ್ನೇ ಸರಿಪಡಿಸಲು ಕಲಿಯುತ್ತದೆ. 100 ಅಂಕಗಳಲ್ಲಿ ಆಂತರಿಕ ಮೌಲ್ಯಮಾಪನದ 20 ಎಲ್ಲರಿಗೂ ತುಂಬಿ ಬೀಳುತ್ತದೆ. ದುರ್ಬಲ ಮಗುವಿಗೆ ಟಿ.ಸಿ. ತೆಗೆದುಕೊಳ್ಳುವಂತೆ ಅಥವಾ ಖಾಸಗಿ ಅಭ್ಯರ್ಥಿಯಾಗಿ ಕೂರುವಂತೆ ಮನೆಯವರಿಗೆ ಸೂಚನೆ ಹೋಗುತ್ತದೆ. ಆಮೇಲೆ ಬರುವ ನೂರಕ್ಕೆ ನೂರು ಫಲಿತಾಂಶದ ಬ್ಯಾನರಿನಲ್ಲಿ ಆ ಮಗುವಿನ ಲೆಕ್ಕವೇ ಇರುವುದಿಲ್ಲ. ನೀವು ಮುಂದಿನ ಸಭೆಗೆ ಮೊದಲೇ, ಪ್ರಶ್ನೆವಾರು ವಿಶ್ಲೇಷಣೆಯ ಹಾಳೆಯೊಂದನ್ನು ಮಾಡಿಕೊಂಡು ಮುಖ್ಯೋಪಾಧ್ಯಾಯರ ಕೊಠಡಿಗೆ ಹೋಗಿ ತೋರಿಸಿ. ಕೆಲಸದ ವಿವರವನ್ನು ತಾವಾಗಿ ಎದುರಿಗಿಟ್ಟ ಶಿಕ್ಷಕರನ್ನು ನಿಲ್ಲಿಸಿ ಕೇಳುವುದು ಎಂಥ ಮುಖ್ಯೋಪಾಧ್ಯಾಯರಿಗೂ ಸುಲಭವಲ್ಲ.

ಪ್ರಶ್ನೆ: ಬೆಂಗಳೂರಿನ ಖಾಸಗಿ ಶಾಲೆಯೊಂದರ ಪ್ರಾಂಶುಪಾಲೆ ನಾನು. ಪೋಷಕರಿಗೆ ಅಂಕ ಬೇಕು, ಆಡಳಿತ ಮಂಡಳಿಗೆ ದಾಖಲಾತಿ ಬೇಕು, ಶಿಕ್ಷಕರು ಮಾತ್ರ ಪ್ರತಿ ಏಪ್ರಿಲ್‌ನಲ್ಲಿ ಬಿಟ್ಟುಹೋಗುತ್ತಾರೆ. ಹುಟ್ಟುಹಬ್ಬ ಆಚರಿಸುತ್ತೇವೆ, ಪ್ರವಾಸ ಕರೆದೊಯ್ಯುತ್ತೇವೆ. ಆದರೂ ನಿಲ್ಲುವುದಿಲ್ಲ.
– ಪ್ರಾಂಶುಪಾಲೆ, ಬೆಂಗಳೂರು

ಉತ್ತರ: ಹುಟ್ಟುಹಬ್ಬದ ಕೇಕಿನ ಮೇಲೆ ನನಗೆ ಕೋಪವಿಲ್ಲ, ಆದರೆ ಬೇಸಿಗೆ ರಜೆಯ ಸಂಬಳ ತಡೆಹಿಡಿಯುವ ಶಾಲೆಯಲ್ಲಿ ಅದನ್ನು ಕತ್ತರಿಸಿದರೆ ಯಾರ ಬಾಯಿಗೂ ಸಿಹಿಯಾಗುವುದಿಲ್ಲ. ನಿಮ್ಮಲ್ಲಿ ಹಾಗಿದೆ ಎನ್ನುತ್ತಿಲ್ಲ. ಇದ್ದರೆ ಮೊದಲು ಆಡಳಿತ ಮಂಡಳಿಯೊಡನೆ ಆ ಮಾತು ಮುಗಿಸಿ.

ಶಿಕಾಗೋ ನಗರದ ಪ್ರಾಥಮಿಕ ಶಾಲೆಗಳ ಸುಧಾರಣೆಯನ್ನು ಹಲವು ವರ್ಷ ಹಿಂಬಾಲಿಸಿದ ಆಂಥೊನಿ ಬ್ರೈಕ್ ಮತ್ತು ಬಾರ್ಬರಾ ಷ್ನೈಡರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಲೆಯೊಳಗಿನ ಪರಸ್ಪರ ನಂಬಿಕೆ ಗಟ್ಟಿಯಾಗಿದ್ದ ಶಾಲೆಗಳಲ್ಲಿ ಎರಡರಲ್ಲಿ ಒಂದು ಸುಧಾರಿಸಿದರೆ, ನಂಬಿಕೆ ದುರ್ಬಲವಾಗಿದ್ದ ಕಡೆ ಏಳರಲ್ಲಿ ಒಂದು ಮಾತ್ರ ಸುಧಾರಿಸಿತು. ಆ ನಂಬಿಕೆಯನ್ನು ಅವರು ನಾಲ್ಕು ಅಂಶಗಳಲ್ಲಿ ಗುರುತಿಸಿದರು: ಗೌರವ, ಒಬ್ಬರ ಬಗ್ಗೆ ಒಬ್ಬರಿಗಿರುವ ಅಕ್ಕರೆ, ಕೆಲಸದ ಸಾಮರ್ಥ್ಯ ಮತ್ತು ನುಡಿದಂತೆ ನಡೆಯುವುದು. ಮೂರನೆಯದನ್ನು ಗಮನಿಸಿ. ಪಾಠ ಮಾಡಲಾಗದವರನ್ನು ಸಹಾನುಭೂತಿಯಿಂದ ವರ್ಷಗಟ್ಟಲೆ ಉಳಿಸಿಕೊಂಡರೆ ಅದು ಜನರ ಕಾಳಜಿ ಎನಿಸುವುದಿಲ್ಲ, ಅವರ ಹೊರೆಯನ್ನು ಹೊರುವ ಸಹೋದ್ಯೋಗಿಗಳ ಮೇಲಿನ ನಿರ್ಲಕ್ಷ್ಯ ಎನಿಸುತ್ತದೆ. ನಾಲ್ಕನೆಯದನ್ನು ಪೋಷಕರ ಸಭೆಯಲ್ಲಿ ಪರೀಕ್ಷಿಸಿಕೊಳ್ಳಬಹುದು. ಪೋಷಕರೊಬ್ಬರು ಧ್ವನಿ ಏರಿಸಿದಾಗ ನೀವು ಶಿಕ್ಷಕಿಯ ಪಕ್ಕ ನಿಂತು ದೂರು ಕೇಳಿ, ತಪ್ಪಿದ್ದರೆ ಆಮೇಲೆ ಒಳಗೆ ಹೇಳುತ್ತೀರೋ, ಅಥವಾ ಅಲ್ಲೇ ಅವರನ್ನು ಬಿಟ್ಟುಕೊಡುತ್ತೀರೋ? ಏಪ್ರಿಲ್‌ನ ರಾಜೀನಾಮೆಗಳು ಅನೇಕ ಸಲ ಆ ದಿನ ಬರೆಯಲ್ಪಟ್ಟಿರುತ್ತವೆ. ಬಿಟ್ಟುಹೋಗುವವರೊಡನೆ ಹಿಸಾಬು ಮುಗಿದ ಮೇಲೆ ಅರ್ಧ ಗಂಟೆ ಕುಳಿತು ಕಾರಣ ಕೇಳಿ. ಆಗ ಸಿಗುವ ಉತ್ತರ ಪ್ರವಾಸದ ಖರ್ಚಿಗಿಂತ ಅಗ್ಗ.

ಪ್ರಶ್ನೆ: ನಾನು ಎಸ್‌ಡಿಎಂಸಿ ಅಧ್ಯಕ್ಷ. ನಮ್ಮ ಹೆಡ್‌ಮಾಸ್ತರರಿಗಿಂತ ಸೇವೆಯಲ್ಲಿ ಹಿರಿಯರಾದ ಶಿಕ್ಷಕರು ಇದ್ದಾರೆ, ಹೊಸದಾಗಿ ಬಂದ ಅತಿಥಿ ಶಿಕ್ಷಕರೂ ಇದ್ದಾರೆ. ಹೆಡ್‌ಮಾಸ್ತರರು ಒಬ್ಬೊಬ್ಬರೊಡನೆ ಒಂದೊಂದು ರೀತಿ ನಡೆದುಕೊಳ್ಳುತ್ತಾರೆ. ಇದು ತಾರತಮ್ಯವಲ್ಲವೇ?
– ಅಧ್ಯಕ್ಷ, ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಚಾಮರಾಜನಗರ ಜಿಲ್ಲೆ

ಉತ್ತರ: ಹಾಗೆಂದು ಈಗಲೇ ತೀರ್ಮಾನಿಸಬೇಡಿ. ನಿರ್ವಹಣಾ ಚಿಂತಕರಾದ ಪಾಲ್ ಹರ್ಸಿ ಮತ್ತು ಕೆನ್ ಬ್ಲಾಂಚರ್ಡ್ 1969ರಲ್ಲಿ ಮುಂದಿಟ್ಟ ವಾದವೇ ಇದು: ಎದುರಿಗಿರುವವರಿಗೆ ಆ ನಿರ್ದಿಷ್ಟ ಕೆಲಸ ಎಷ್ಟು ಬರುತ್ತದೆ, ಅದನ್ನು ಮಾಡುವ ಮನಸ್ಸು ಎಷ್ಟಿದೆ ಎಂಬುದನ್ನು ನೋಡಿ ನಾಯಕರು ತಮ್ಮ ರೀತಿಯನ್ನು ಬದಲಿಸಿಕೊಳ್ಳಬೇಕು. ಹಿರಿಯ ಗಣಿತ ಶಿಕ್ಷಕರಿಗೆ ಬೀಜಗಣಿತ ಹೇಗೆ ಕಲಿಸಬೇಕೆಂದು ಹೇಳಿಕೊಡುವುದು ಅಧಿಕಪ್ರಸಂಗ. ಆದರೆ ಅವರಿಗೇ, ಮಕ್ಕಳ ವಿವರ ದಾಖಲಿಸುವ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ಮಾಹಿತಿ ತುಂಬುವುದನ್ನು ಪಕ್ಕದಲ್ಲಿ ಕುಳಿತು ತೋರಿಸಬೇಕಾಗಬಹುದು. ಅತಿಥಿ ಶಿಕ್ಷಕರ ವಿಷಯದಲ್ಲಿ ಸಾಮಾನ್ಯವಾಗಿ ಇದು ತಿರುಗುಮುರುಗು. ರೀತಿ ಬೇರೆಯಾದರೂ ಹಾಜರಿಯ ನಿಯಮ, ರಜೆಯ ನಿಯಮ, ಕೆಲಸದ ಹಂಚಿಕೆ ಎಲ್ಲರಿಗೂ ಒಂದೇ ಆಗಿದೆಯೇ ಎಂಬುದನ್ನು ಮಾತ್ರ ಸಮಿತಿ ವಿಚಾರಿಸಲಿ. 2001ರಲ್ಲಿ ಈ ಸಮಿತಿಗಳನ್ನು ರಚಿಸಿದ ಮೇಲೆ ಊರಿನವರಿಗೆ ಶಾಲೆಯ ಒಳಗೆ ಕೇಳುವ ಹಕ್ಕು ಬಂದಿದೆ. ಅದನ್ನು ಸಭೆಯ ನಡಾವಳಿಯಲ್ಲಿ ದಾಖಲಾಗುವಂತೆ ಕೇಳಿ, ಹೋಟೆಲಿನ ಕಟ್ಟೆಯಲ್ಲಿ ಬೇಡ.

ಪ್ರಶ್ನೆ: ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಕೆಲಸ ಮಾಡುವ ನಮ್ಮಂಥವರು ಮೇಲಿನಿಂದ ಬಂದ ಗುರಿಯನ್ನು ಕೆಳಗೆ ದಾಟಿಸಲೇಬೇಕು. ವಾಟ್ಸಾಪ್ ಗುಂಪಿನಲ್ಲಿ ಸಂಜೆಯೊಳಗೆ ಮಾಹಿತಿ ಕೇಳಿದರೆ ಮುಖ್ಯ ಶಿಕ್ಷಕರು ನಮ್ಮನ್ನೇ ಶತ್ರುಗಳಂತೆ ನೋಡುತ್ತಾರೆ. ಜನರ ಕಾಳಜಿ ನಮಗೆ ಹೇಗೆ ಸಾಧ್ಯ?
– ಶಿಕ್ಷಣ ಸಂಯೋಜಕ, ಉತ್ತರ ಕರ್ನಾಟಕ

ಉತ್ತರ: ನಿಮ್ಮ ಪತ್ರದಲ್ಲಿ ಪ್ರಾಮಾಣಿಕತೆ ಇದೆ. ಮುಖ್ಯ ಶಿಕ್ಷಕರ ನಾಯಕತ್ವದ ಬಗ್ಗೆ ಇಷ್ಟು ಬರೆದ ಮೇಲೆ, ಅವರು ತಮ್ಮ ಸಿಬ್ಬಂದಿಯೊಡನೆ ನಡೆದುಕೊಳ್ಳುವ ರೀತಿಯ ಒಂದು ಪಾಲು ಕಚೇರಿ ಅವರೊಡನೆ ನಡೆದುಕೊಳ್ಳುವ ರೀತಿಯಿಂದ ಬರುತ್ತದೆ ಎಂಬುದನ್ನೂ ಹೇಳಬೇಕಾಗುತ್ತದೆ. ಸಂಜೆ ನಾಲ್ಕಕ್ಕೆ ಗುಂಪಿನಲ್ಲಿ ಗದರಿಸಿಕೊಂಡವರು ನಾಲ್ಕೂವರೆಗೆ ಶಿಕ್ಷಕರನ್ನು ಕರೆದು ಸಮಾಧಾನವಾಗಿ ಮಾತಾಡುವರೆಂದು ನಿರೀಕ್ಷಿಸುವುದು ಕಷ್ಟ.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ನೋಡಿ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯನ್ನು ಕಟ್ಟಿದವರು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕರೇ. ಅವರು ಆಂಧ್ರಪ್ರದೇಶದ ಋಷಿವ್ಯಾಲಿ ಶಿಕ್ಷಣ ಕೇಂದ್ರಕ್ಕೆ ಹೋಗಿ, ಹಲವು ತರಗತಿಗಳ ಮಕ್ಕಳಿಗೆ ಒಟ್ಟಿಗೆ ಕಲಿಸುವ ಅಲ್ಲಿನ ಬಹುವರ್ಗ ಬೋಧನೆಯನ್ನು ನೋಡಿ ಬಂದು, ಕಲಿಕೆಯ ಹಂತಗಳನ್ನು ತೋರಿಸುವ ಕಲಿಕಾ ಏಣಿ, ಕಾರ್ಡುಗಳನ್ನು ನಮ್ಮ ಮಕ್ಕಳಿಗೆ ಒಗ್ಗುವಂತೆ ತಾವೇ ರೂಪಿಸಿದರು. ಅಧಿಕಾರಿಗಳು ಮಾಡಿದ ದೊಡ್ಡ ಕೆಲಸವೆಂದರೆ ಶಿಕ್ಷಕರಿಗೆ ಅವಕಾಶ ಕೊಟ್ಟು, ಆಮೇಲೆ ಅಡ್ಡ ಬಾರದಿದ್ದದ್ದು. ಮುಂದೆ ಅದೇ ಪದ್ಧತಿ ಆದೇಶದ ಮೂಲಕ ರಾಜ್ಯಕ್ಕೆಲ್ಲ ಹರಡಿದಾಗ, ಕಾರ್ಡುಗಳು ತಲುಪಿದ ಎಲ್ಲ ಕಡೆಗೂ ಆ ಉತ್ಸಾಹ ತಲುಪಲಿಲ್ಲ ಎಂಬುದು ತರಗತಿಗಳಿಗೆ ಭೇಟಿ ಕೊಡುವ ನಿಮಗೆ ನಾನು ಹೇಳಬೇಕಾದ ಸಂಗತಿಯಲ್ಲ.

ಗುರಿಯನ್ನು ಬದಲಿಸುವ ಅಧಿಕಾರ ನಿಮಗಿಲ್ಲ, ಆದರೆ ಹೊರೆಯನ್ನು ಇಳಿಸುವ ಅವಕಾಶ ನೀವು ಅಂದುಕೊಂಡಿರುವುದಕ್ಕಿಂತ ಹೆಚ್ಚಿದೆ. ಎಸ್‌ಎಟಿಎಸ್‌ನಲ್ಲಿ ಆಗಲೇ ಇರುವ ಮಾಹಿತಿಯನ್ನು ಶಾಲೆಗಳಿಂದ ಮತ್ತೆ ಕೇಳದೆ ಕಚೇರಿಯಲ್ಲೇ ತೆಗೆದುಕೊಳ್ಳಿ. ಅದೇ ದಿನ ಬೇಕಾದದ್ದನ್ನೂ ವಾರ ಕಾಯಬಹುದಾದದ್ದನ್ನೂ ಬೇರೆ ಮಾಡಿ ಕೇಳಿ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣಾ ಕೆಲಸ ಬಿಟ್ಟರೆ ಶಿಕ್ಷಕರನ್ನು ಶೈಕ್ಷಣಿಕವಲ್ಲದ ಕೆಲಸಕ್ಕೆ ಬಳಸಬಾರದೆನ್ನುತ್ತದೆ. ಬೇರೆ ಇಲಾಖೆಯವರು ಶಿಕ್ಷಕರನ್ನು ಕೇಳಿದಾಗ ಆ ಸೆಕ್ಷನ್ ತೋರಿಸಿ ಕಡತದಲ್ಲಿ ಟಿಪ್ಪಣಿ ಮಂಡಿಸುವ ಕೆಲಸ ನಿಮ್ಮ ಮೇಜಿನಿಂದಲೇ ಆರಂಭವಾಗಬಹುದು. ಶಾಲಾ ಭೇಟಿಗೆ ಹೋದಾಗ ದಾಖಲೆಗಳ ಪರಿಶೀಲನೆಗೆ ಮೊದಲು ಒಂದು ತರಗತಿಯಲ್ಲಿ ಕುಳಿತುಕೊಳ್ಳಿ, ಭೇಟಿ ಪುಸ್ತಕದಲ್ಲಿ ನ್ಯೂನತೆಗಳ ಜೊತೆಗೆ ಆ ಶಾಲೆಗೆ ಕಚೇರಿಯಿಂದ ಆಗಬೇಕಾದ ಒಂದು ಕೆಲಸವನ್ನೂ ಬರೆದು ಸಹಿ ಮಾಡಿ. ಮುಂದಿನ ಭೇಟಿಯ ವೇಳೆಗೆ ಆ ಕೆಲಸ ಆಗಿದ್ದರೆ, ಸಂಜೆಯೊಳಗೆ ಮಾಹಿತಿ ಬೇಕೆಂದು ನೀವು ಕೇಳಿದಾಗ ಮುಖ್ಯ ಶಿಕ್ಷಕರು ಅದಕ್ಕೊಂದು ಕಾರಣ ಇರಬಹುದೆಂದು ಭಾವಿಸುತ್ತಾರೆ.